ಕತ್ತಲೆಯ ಎರಿಯ ಮೇಲೊಂದು ಕುಣಿತ: ಜೇನುನೊಣಗಳು ಸುದ್ದಿ ಮುಟ್ಟಿಸುವ ಬಗೆ

ಬಂಡೀಪುರದ ಕಾಡಿನಲ್ಲಿ ಹುಲಿ ಕಣ್ಣಿಗೆ ಬಿದ್ದೊಡನೆ ಮರದ ಮೇಲಿನ ಮುಸುವ ಒರಟಾಗಿ ಕೆಮ್ಮಿದಂತೆ ಕೂಗುತ್ತದೆ; ಕೆಳಗೆ ಮೇಯುತ್ತಿರುವ ಚುಕ್ಕೆ ಜಿಂಕೆಗಳು ಆ ಕೂಗಿಗೆ ಕತ್ತೆತ್ತಿ ನಿಲ್ಲುತ್ತವೆ. ಅದೇ ಹುಲಿಯ ಹೆಜ್ಜೆ ಗುರುತು ದಾರಿಯ ದೂಳಿನಲ್ಲಿಯೂ ಮೂಡಿರುತ್ತದೆ, ಅದನ್ನು ನೋಡಿ ಹುಲಿ ಎತ್ತ ಹೋಯಿತೆಂದು ಹೇಳಬಲ್ಲ ಜನರೂ ಇದ್ದಾರೆ. ಎರಡರಿಂದಲೂ ಸುದ್ದಿ ಸಿಗುತ್ತದೆ, ಆದರೆ ಎರಡೂ ಒಂದೇ ಬಗೆಯವಲ್ಲ. ಹೆಜ್ಜೆ ಗುರುತು ಹುಲಿ ನಡೆದುದರ ಪರಿಣಾಮವಷ್ಟೇ; ಯಾರಿಗೋ ಏನನ್ನೋ ತಿಳಿಸಲೆಂದು ಅದು ಮೂಡಿದ್ದಲ್ಲ. ಮುಸುವನ ಕೂಗಾದರೋ, ಕೇಳಿದವರ ನಡತೆಯನ್ನು ಬದಲಿಸುವ ಗುಣವಿದ್ದುದರಿಂದಲೇ ವಿಕಾಸದ ಹಾದಿಯಲ್ಲಿ ಉಳಿದುಬಂದದ್ದು. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವವರು ಮೊದಲನೆಯದನ್ನು ಸುಳಿವು ಎಂದೂ ಎರಡನೆಯದನ್ನು ಸಂಕೇತ ಎಂದೂ ಬೇರೆಬೇರೆಯಾಗಿ ಎಣಿಸುತ್ತಾರೆ. ಪ್ರಾಣಿಗಳ ಸಂವಹನವನ್ನು ಅರಿಯಬೇಕಾದರೆ ಸಂಕೇತವನ್ನು ಕಳಿಸುವವರು ಯಾರು, ಅದು ಯಾವ ಮಾಧ್ಯಮದಲ್ಲಿ ಸಾಗುತ್ತದೆ, ಪಡೆದವರು ಅದರಿಂದ ಏನು ಮಾಡುತ್ತಾರೆ ಎಂಬ ಮೂರನ್ನೂ ಒಟ್ಟಿಗೆ ನೋಡಬೇಕು. ಕಳಿಸುವವರನ್ನಷ್ಟೇ ನೋಡಿ ಅರ್ಥ ಹೇಳಹೊರಟರೆ ನಾವು ನಮ್ಮ ಮಾತಿನ ರೀತಿಯನ್ನೇ ಅವುಗಳ ಮೇಲೆ ಹೊರಿಸಿಬಿಡುತ್ತೇವೆ.

ಬಹುಪಾಲು ಪ್ರಾಣಿಗಳ ಸಂಕೇತಗಳು ಈ ಕ್ಷಣಕ್ಕೆ, ಈ ಜಾಗಕ್ಕೆ ಸೇರಿದವು: ಹುಲಿ ಬಂತು, ಇದು ನನ್ನ ಗಡಿ, ನಾನು ಕೂಡಲು ಸಿದ್ಧ, ನನಗೆ ಹಸಿವಾಗಿದೆ. ಕಣ್ಣೆದುರಿಗಿಲ್ಲದ ದೂರದ ಜಾಗವೊಂದರ ಬಗ್ಗೆ, ಸ್ವಲ್ಪ ಹೊತ್ತಿನ ಹಿಂದೆ ಕಂಡದ್ದರ ಬಗ್ಗೆ, ಅದನ್ನು ಕಾಣದವರಿಗೆ ತಿಳಿಸುವ ಶಕ್ತಿ ಅಪರೂಪ. ಎಳ್ಳುಕಾಳಿನಷ್ಟೂ ಮಿದುಳಿಲ್ಲದ ಜೇನುನೊಣದಲ್ಲಿ ಆ ಶಕ್ತಿ ಇದೆಯೆಂಬುದು ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದ ದೊಡ್ಡ ಶೋಧಗಳಲ್ಲೊಂದು. ಈ ಶೋಧವನ್ನು ನಾವು ಶಾಲೆಯ ಪಾಠಗಳಲ್ಲಿ ಓದಿದ್ದೇವೆ. ಆದರೆ ಅಲ್ಲಿ ಅದು ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ: ನೊಣ ಕುಣಿದು ಹೂವಿನ ವಿಳಾಸ ಹೇಳುತ್ತದೆ, ಉಳಿದವು ಅಲ್ಲಿಗೆ ಹಾರುತ್ತವೆ. ನಿಜ ಸಂಗತಿ ಇದಕ್ಕಿಂತ ಬಹಳ ಸೂಕ್ಷ್ಮವಾದದ್ದು, ಮತ್ತು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಬಹಳ ಸುಂದರವಾದದ್ದು.

ಕುಣಿತವನ್ನು ಮೊದಲು ಹತ್ತಿರದಿಂದ ನೋಡೋಣ. ಮೇವು ಹುಡುಕಿ ಹೋದ ಕೆಲಸಗಾರ ನೊಣವೊಂದು ಮಕರಂದ ಸಮೃದ್ಧವಾಗಿರುವ ಮರವನ್ನು ಕಂಡು ಹೊಟ್ಟೆ ತುಂಬಿಸಿಕೊಂಡು ಗೂಡಿಗೆ ಮರಳುತ್ತದೆ. ತಂದದ್ದನ್ನು ಒಳಗಿನ ನೊಣಗಳಿಗೆ ಒಪ್ಪಿಸಿದ ಮೇಲೆ, ಬಾಗಿಲಿಗೆ ಹತ್ತಿರವಿರುವ ಎರಿಯ ಮೇಲೆ, ನೊಣಗಳ ದಟ್ಟಣೆಯ ನಡುವೆ ಜಾಗ ಮಾಡಿಕೊಂಡು, ಹೊಟ್ಟೆಯನ್ನು ಎಡಕ್ಕೂ ಬಲಕ್ಕೂ ಸೆಕೆಂಡಿಗೆ ಹದಿಮೂರು ಹದಿನಾಲ್ಕು ಸಲ ಓಲಾಡಿಸುತ್ತ ನೇರವಾಗಿ ಒಂದಷ್ಟು ದೂರ ನಡೆಯುತ್ತದೆ. ಆಮೇಲೆ ಓಲಾಟ ನಿಲ್ಲಿಸಿ, ಬಲಕ್ಕೆ ಸುತ್ತುಹಾಕಿ ಹೊರಟ ಜಾಗಕ್ಕೆ ಬಂದು, ಮತ್ತೆ ಅದೇ ದಿಕ್ಕಿನಲ್ಲಿ ಓಲಾಡುತ್ತ ನಡೆದು, ಈ ಸಲ ಎಡಕ್ಕೆ ಸುತ್ತಿ ಮರಳುತ್ತದೆ. ಹೀಗೆ ಅದರ ಹಾದಿ 8ರ ಅಂಕಿಯ ಆಕಾರವನ್ನು ತಾಳುತ್ತದೆ. ಸುದ್ದಿಯೆಲ್ಲ ಇರುವುದು ನಡುವಿನ ಆ ನೇರ ನಡೆಯಲ್ಲಿ. ಅದು ಎಷ್ಟು ಹೊತ್ತು ನಡೆಯುತ್ತದೆಯೋ ಅದು ದೂರವನ್ನು ಹೇಳುತ್ತದೆ. ಸಾಕಣೆಯಲ್ಲಿ ಜಗತ್ತಿನೆಲ್ಲೆಡೆ ಹಬ್ಬಿರುವ ಮೆಲ್ಲಿಫೆರಾ ಜೇನಿನಲ್ಲಿ ಒಂದು ಸೆಕೆಂಡಿನ ಓಲಾಟವೆಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರು. ಅದು ಯಾವ ಕೋನದಲ್ಲಿ ನಡೆಯುತ್ತದೆಯೋ ಅದು ದಿಕ್ಕನ್ನು ಹೇಳುತ್ತದೆ. ಲಂಬವಾಗಿ ತೂಗುವ ಎರಿಯ ಮೇಲೆ ನೇರ ಮೇಲ್ಮುಖವಾಗಿ ನಡೆದರೆ ಸೂರ್ಯನಿರುವ ದಿಕ್ಕಿಗೇ ಹಾರಬೇಕು, ಕೆಳಮುಖವಾಗಿ ನಡೆದರೆ ಸೂರ್ಯನಿಗೆ ಬೆನ್ನು ಹಾಕಿ ಹಾರಬೇಕು, ಮೇಲ್ಮುಖದಿಂದ ಬಲಕ್ಕೆ ನಲವತ್ತು ಡಿಗ್ರಿ ವಾಲಿದರೆ ಸೂರ್ಯನ ಬಲಕ್ಕೆ ಅಷ್ಟೇ ಡಿಗ್ರಿ ತಿರುಗಿ ಹಾರಬೇಕು. ಮೇವಿನ ಗುಣ ಹೆಚ್ಚಿದಷ್ಟೂ ಸುತ್ತುಗಳ ಸಂಖ್ಯೆ ಹೆಚ್ಚುತ್ತದೆ, ಎರಡು ನೇರ ನಡೆಗಳ ನಡುವೆ ಮರಳುವ ವೇಗವೂ ಹೆಚ್ಚುತ್ತದೆ.

ಇದನ್ನು ಬಿಡಿಸಿದವರು ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್. ಅವರು 1920ರ ದಶಕದಲ್ಲಿಯೇ ಎರಡು ಬಗೆಯ ಕುಣಿತಗಳನ್ನು ಗುರುತಿಸಿ, ಒಂದು ಮಕರಂದಕ್ಕೆ ಮತ್ತೊಂದು ಪರಾಗಕ್ಕೆ ಎಂದು ಬರೆದಿದ್ದರು. ಎರಡು ದಶಕಗಳ ನಂತರ, ಮಹಾಯುದ್ಧದ ಕೊನೆಯ ವರ್ಷಗಳಲ್ಲಿ, ಸಕ್ಕರೆ ನೀರಿನ ತಟ್ಟೆಗಳನ್ನು ಗೂಡಿನಿಂದ ದೂರದೂರಕ್ಕೆ ಒಯ್ದು ಪರೀಕ್ಷಿಸಿದಾಗ, ವ್ಯತ್ಯಾಸವಿರುವುದು ಮೇವಿನ ಬಗೆಯಲ್ಲಲ್ಲ, ದೂರದಲ್ಲಿ ಎಂಬುದು ಅವರಿಗೆ ತಿಳಿಯಿತು. ತಮ್ಮ ಹಳೆಯ ತೀರ್ಮಾನವನ್ನು ಅವರೇ ತಿದ್ದಿದರು. ಹತ್ತಿರದ ಮೇವಿಗೆ ನೇರ ನಡೆ ಎಷ್ಟು ಚಿಕ್ಕದಾಗುತ್ತದೆಂದರೆ ಕುಣಿತ ಬರಿಯ ವೃತ್ತದಂತೆ ಕಾಣುತ್ತದೆ, ಅಷ್ಟೇ. 1973ರಲ್ಲಿ ಕೊನ್ರಾಡ್ ಲೊರೆಂಟ್ಸ್ ಮತ್ತು ನಿಕೊ ಟಿನ್‌ಬರ್ಗೆನ್ ಅವರೊಂದಿಗೆ ಫ್ರಿಶ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಈ ಕುಣಿತದ ಬಗ್ಗೆ ಯೋಚಿಸುವಾಗ ನಾವು ಮರೆಯುವ ಮುಖ್ಯ ಸಂಗತಿಯೆಂದರೆ ಕತ್ತಲೆ. ಮರದ ಪೊಟರೆಯಲ್ಲಿ, ಹುತ್ತದೊಳಗೆ, ಪೆಟ್ಟಿಗೆಯಲ್ಲಿ ಗೂಡು ಕಟ್ಟುವ ನೊಣಗಳು ಕುಣಿತವನ್ನು ಕಣ್ಣಿನಿಂದ ನೋಡಲಾರವು. ಸಂಶೋಧಕರು ಗಾಜಿನ ಗೋಡೆಯ ಪೆಟ್ಟಿಗೆಯಲ್ಲಿ ಬೆಳಕು ಹಾಯಿಸಿ ಕಾಣುವ ಆ ಸೊಗಸಾದ ಆಕೃತಿ ನೊಣಗಳ ಪಾಲಿಗೆ ಇಲ್ಲವೇ ಇಲ್ಲ. ಹಿಂಬಾಲಿಸುವ ನೊಣಗಳು ಕುಣಿಯುವ ನೊಣದ ಮೈಗೆ ತೀರ ಒತ್ತಿಕೊಂಡು ನಿಂತು, ತಮ್ಮ ಕುಡಿಮೀಸೆಗಳನ್ನು ಅದರತ್ತ ಚಾಚಿರುತ್ತವೆ. ಓಲಾಡುವ ಹೊಟ್ಟೆ ಆ ಮೀಸೆಗಳಿಗೆ ಬಡಿಯುತ್ತದೆ. ನೇರ ನಡೆಯ ಹೊತ್ತಿನಲ್ಲಿ ಕುಣಿಯುವ ನೊಣ ರೆಕ್ಕೆಗಳನ್ನು ಸೆಕೆಂಡಿಗೆ ಇನ್ನೂರೈವತ್ತರ ಆಸುಪಾಸಿನಲ್ಲಿ ಕಂಪಿಸುವುದರಿಂದ ಅದರ ಹಿಂದೆ ಗಾಳಿಯ ಸಣ್ಣ ಅಲೆಗಳೇಳುತ್ತವೆ. ಮೀಸೆಯ ಬುಡದಲ್ಲಿರುವ ಜಾನ್‌ಸ್ಟನ್ ಅಂಗವೆಂಬ ಇಂದ್ರಿಯ ಆ ಅಲೆಗಳನ್ನು ಗ್ರಹಿಸುತ್ತದೆ. ಕಾಲುಗಳ ಮೂಲಕ ಎರಿಯೂ ಅಲುಗುತ್ತದೆ. ಜರ್ಮನಿಯ ಯುರ್ಗೆನ್ ಟೌಟ್ಸ್ ತೋರಿಸಿದಂತೆ, ಮೇಣದ ಮುಚ್ಚಳ ಹಾಕಿದ ಕೋಣೆಗಳ ಮೇಲೆ ಕುಣಿದಾಗ ಸೇರುವ ಹಿಂಬಾಲಕರಿಗಿಂತ ಬರಿದಾದ ತೆರೆದ ಕೋಣೆಗಳ ಮೇಲೆ ಕುಣಿದಾಗ ಸೇರುವ ಹಿಂಬಾಲಕರು ಹೆಚ್ಚು, ಏಕೆಂದರೆ ತೆರೆದ ಕೋಣೆಗಳ ಅಂಚು ಕಂಪನವನ್ನು ಚೆನ್ನಾಗಿ ಸಾಗಿಸುತ್ತದೆ. ಇದರ ಮೇಲೆ ವಾಸನೆಯಿದೆ: ಕುಣಿಯುವ ನೊಣದ ಮೈಗೆ ಅಂಟಿದ ಹೂವಿನ ಪರಿಮಳ, ಕುಣಿತದ ನಡುವೆ ನಿಂತು ಹಿಂಬಾಲಕರಿಗೆ ನೀಡುವ ಒಂದು ಹನಿ ಮಕರಂದದ ರುಚಿ. ಕೋನ, ಕಾಲಾವಧಿ, ಸ್ಪರ್ಶ, ಗಾಳಿಯ ಅಲೆ, ಎರಿಯ ನಡುಕ, ವಾಸನೆ, ರುಚಿ, ಇವೆಲ್ಲ ಕೂಡಿದ್ದೇ ಆ ಸಂಕೇತ.

ಹೀಗೆ ಹಲವು ಎಳೆಗಳಿರುವುದರಿಂದಲೇ ಒಂದು ದೊಡ್ಡ ವಿವಾದವೂ ಹುಟ್ಟಿತು. ಅಮೆರಿಕದ ಏಡ್ರಿಯನ್ ವೆನರ್ ಮತ್ತು ಅವರ ಸಂಗಡಿಗರು 1960ರ ದಶಕದ ಕೊನೆಯಲ್ಲಿ ಒಂದು ನ್ಯಾಯವಾದ ಪ್ರಶ್ನೆ ಎತ್ತಿದರು. ಕುಣಿತದಲ್ಲಿ ದಿಕ್ಕು ದೂರಗಳ ಲೆಕ್ಕ ನಮಗೆ ಕಾಣುತ್ತದೆ ಎಂಬುದು ಸರಿ, ಆದರೆ ನೊಣಗಳು ಅದನ್ನು ಬಳಸುತ್ತವೆ ಎಂಬುದಕ್ಕೆ ಪುರಾವೆ ಎಲ್ಲಿದೆ? ಅವು ಹೂವಿನ ವಾಸನೆಯೊಂದನ್ನೇ ನೆನಪಿಟ್ಟುಕೊಂಡು ಹುಡುಕಿ ಹೋಗುತ್ತಿರಬಾರದೇಕೆ? ಈ ಲೇಖನದ ಮೊದಲಲ್ಲಿ ಹೇಳಿದ ಮಾತಿಗೆ ಇದು ತಕ್ಕ ನಿದರ್ಶನ: ಕಳಿಸುವವರ ಕಡೆಯ ಅರ್ಥ ತಿಳಿದರೆ ಸಾಲದು, ಪಡೆಯುವವರ ಕಡೆಯೂ ಅದು ಅರ್ಥವಾಗಿ ಕೆಲಸ ಮಾಡುತ್ತದೆಂದು ತೋರಿಸಬೇಕು.

ಉತ್ತರ ಹಂತಹಂತವಾಗಿ ಬಂತು. ಜೇಮ್ಸ್ ಗೌಲ್ಡ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕುಣಿಯುವ ನೊಣ ಒಂದು ಜಾಗ ಹೇಳುವಂತೆ, ಹಿಂಬಾಲಿಸುವ ನೊಣಗಳು ಮತ್ತೊಂದು ಜಾಗ ಎಂದು ತಿಳಿಯುವಂತೆ ಒಂದು ಉಪಾಯ ಹೂಡಿದ್ದರು. ಗೂಡಿನೊಳಗೆ ದೀಪವಿಟ್ಟರೆ ನೊಣಗಳು ಅದನ್ನೇ ಸೂರ್ಯನೆಂದು ಎಣಿಸಿ, ಮೇಲ್ಮುಖದ ಬದಲಿಗೆ ದೀಪದಿಂದ ಕೋನ ಅಳೆಯತೊಡಗುತ್ತವೆ. ನೊಣದ ನೆತ್ತಿಯ ಮೇಲಿರುವ ಮೂರು ಸಣ್ಣ ಕಣ್ಣುಗಳಿಗೆ ಬಣ್ಣ ಬಳಿದರೆ ಅದರ ಬೆಳಕಿನ ಅರಿವು ಮಂದವಾಗಿ, ಅದಕ್ಕೆ ದೀಪ ಲೆಕ್ಕಕ್ಕೆ ಬರುವುದಿಲ್ಲ. ಅದು ಹಿಂದಿನಂತೆ ಮೇಲ್ಮುಖವನ್ನೇ ಆಧರಿಸಿ ಕುಣಿಯುತ್ತದೆ. ಬಣ್ಣವಿಲ್ಲದ ಹಿಂಬಾಲಕರು ಮಾತ್ರ ದೀಪವನ್ನು ಆಧರಿಸಿ ಓದುತ್ತವೆ. ಹೊಸಬರು ಹೋದದ್ದು ದೀಪದ ಲೆಕ್ಕದಲ್ಲಿ ಬರುವ ಜಾಗಕ್ಕೆ, ಅಂದರೆ ಕುಣಿದ ನೊಣ ಎಂದೂ ಹೋಗಿರದ ಜಾಗಕ್ಕೆ. ವಾಸನೆಯೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. 1989ರಲ್ಲಿ ಡೆನ್ಮಾರ್ಕಿನ ಆಕ್ಸೆಲ್ ಮಿಕೆಲ್ಸನ್ ತಂಡ ಹಿತ್ತಾಳೆಯ ನೊಣವೊಂದನ್ನು ಮಾಡಿ, ಜೇನುಮೇಣ ಬಳಿದು, ಕ್ಷೌರದ ಬ್ಲೇಡಿನ ಚೂರನ್ನು ರೆಕ್ಕೆಯಾಗಿಸಿ ಗೂಡಿನೊಳಗೆ ಕುಣಿಸಿತು. ನಿಜವಾದ ನೊಣದಷ್ಟು ಚೆನ್ನಾಗಿ ಅಲ್ಲದಿದ್ದರೂ ಅದು ಹೇಳಿದ ದಿಕ್ಕಿಗೆ ನೊಣಗಳು ಹೋದವು. ಕೊನೆಗೆ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದವರೂ ಇದ್ದ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕುಣಿತವನ್ನು ಹಿಂಬಾಲಿಸಿ ಹೊರಟ ನೊಣಗಳ ಬೆನ್ನಿಗೆ ಸೂಕ್ಷ್ಮವಾದ ಆಂಟೆನಾ ಅಂಟಿಸಿ ರಾಡಾರಿನಿಂದ ಅವುಗಳ ಹಾದಿಯನ್ನು ಗುರುತಿಸಲಾಯಿತು. ಗೂಡಿನ ಬಾಗಿಲಲ್ಲೇ ಹಿಡಿದು ಬೇರೆಡೆಗೆ ಒಯ್ದು ಬಿಟ್ಟ ನೊಣಗಳು, ಕುಣಿತ ಹೇಳಿದ ದಿಕ್ಕಿಗೆ, ಹೇಳಿದಷ್ಟು ದೂರ ಹಾರಿ, ಮೇವಿಲ್ಲದ ಜಾಗದಲ್ಲಿ ಸುತ್ತುತ್ತ ಹುಡುಕಾಡಿದವು. ಕುಣಿತದಿಂದ ಅವು ಪಡೆದದ್ದು ಒಂದು ದಿಕ್ಕು ಮತ್ತು ಒಂದು ದೂರ. ಹೊರಟ ಜಾಗ ಬದಲಾದರೆ ಮುಟ್ಟುವ ಜಾಗವೂ ಬದಲಾಗುತ್ತದೆ. ವೆನರ್ ಅವರ ಪ್ರಶ್ನೆಯಿಂದಾಗಿಯೇ ಈ ಪ್ರಯೋಗಗಳು ಇಷ್ಟು ಬಿಗಿಯಾದವು ಎಂಬುದನ್ನೂ ಹೇಳಬೇಕು. ವಾಸನೆಯ ಪಾತ್ರದ ಬಗ್ಗೆ ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ: ಕುಣಿತ ನೊಣವನ್ನು ಮೇವಿನ ಆಸುಪಾಸಿಗೆ ಒಯ್ಯುತ್ತದೆ, ಕೊನೆಯ ಕೆಲವು ಮೀಟರುಗಳಲ್ಲಿ ಹೂವನ್ನು ಪತ್ತೆಮಾಡುವುದು ವಾಸನೆ ಮತ್ತು ಬಣ್ಣದ ನೆರವಿನಿಂದಲೇ.

ದೂರವನ್ನು ನೊಣ ಅಳೆಯುವುದು ಹೇಗೆ ಎಂಬ ಪ್ರಶ್ನೆಯ ಉತ್ತರದಲ್ಲಿ ಕನ್ನಡನಾಡಿನ ನಂಟಿದೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮುಂದೆ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಂಡ್ಯಂ ಶ್ರೀನಿವಾಸನ್ ಮತ್ತು ಸಂಗಡಿಗರು 2000ದಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಹಾರಾಟಕ್ಕೆ ಖರ್ಚಾದ ಶಕ್ತಿಯಿಂದ ನೊಣ ದೂರವನ್ನು ಲೆಕ್ಕಹಾಕುತ್ತದೆಂಬುದು ಅಲ್ಲಿಯವರೆಗೆ ಬಹುಕಾಲ ಚಾಲ್ತಿಯಲ್ಲಿದ್ದ ನಂಬಿಕೆ. ಅವರು ಆರು ಮೀಟರಿಗಿಂತ ತುಸುವೇ ಉದ್ದವಾದ ಇಕ್ಕಟ್ಟಾದ ಕೊಳವೆ ದಾರಿಯನ್ನು ಮಾಡಿ, ಒಳಗೋಡೆಗೆ ಚಿತ್ತಾರದ ಹೊದಿಕೆ ಹಾಕಿ, ತುದಿಯಲ್ಲಿ ಸಕ್ಕರೆ ನೀರು ಇಟ್ಟರು. ಗೋಡೆ ತೀರ ಹತ್ತಿರವಿದ್ದುದರಿಂದ ಹಾರುವ ನೊಣದ ಕಣ್ಣಿಗೆ ದೃಶ್ಯ ರಭಸದಿಂದ ಹಿಂದಕ್ಕೆ ಸರಿಯುತ್ತಿತ್ತು. ಗೂಡಿಗೆ ಮರಳಿದ ನೊಣಗಳು ಇನ್ನೂರು ಮೀಟರಿನ ಆಸುಪಾಸಿನ ದೂರವನ್ನು ಹೇಳುವ ಕುಣಿತ ಕುಣಿದವು. ಹಾರುವ ದಿಕ್ಕಿಗೇ ಸಾಗುವ ಉದ್ದುದ್ದ ಗೆರೆಗಳನ್ನು ಗೋಡೆಗೆ ಹಾಕಿದಾಗ, ಸರಿಯುವ ದೃಶ್ಯವೇ ಇಲ್ಲದ್ದರಿಂದ, ಅದೇ ದೂರಕ್ಕೆ ಅವು ಮೇವು ತೀರ ಹತ್ತಿರದಲ್ಲಿದೆಯೆಂದು ಕುಣಿದವು. ಅಂದರೆ ಕುಣಿತದಲ್ಲಿರುವುದು ಮೀಟರಿನ ಲೆಕ್ಕವಲ್ಲ, ಕಣ್ಣೆದುರು ಎಷ್ಟು ನೋಟ ಸರಿದುಹೋಯಿತು ಎಂಬ ಲೆಕ್ಕ. ದಟ್ಟ ಮರಗಳ ನಡುವೆ ಹಾರಿದ ಒಂದು ಕಿಲೋಮೀಟರಿಗೂ ಬಯಲಿನಲ್ಲಿ ಹಾರಿದ ಒಂದು ಕಿಲೋಮೀಟರಿಗೂ ಈ ಲೆಕ್ಕ ಬೇರೆಯಾಗುತ್ತದೆ. ಇದು ದೋಷವೆಂದು ನಮಗೆ ತೋರಬಹುದು. ಆದರೆ ಕುಣಿತವನ್ನು ಓದಿದ ನೊಣ ಅದೇ ಗೂಡಿನಿಂದ ಅದೇ ದಿಕ್ಕಿಗೆ ಹಾರುವಾಗ ಅದೇ ನೋಟ ಅದರ ಕಣ್ಣೆದುರೂ ಸರಿಯುತ್ತದೆ. ಆದ್ದರಿಂದ ಹೇಳಿದವರ ಲೆಕ್ಕಕ್ಕೂ ಕೇಳಿದವರ ಲೆಕ್ಕಕ್ಕೂ ತಾಳೆ ತಪ್ಪುವುದಿಲ್ಲ. ಸಂಕೇತವೊಂದು ಸರಿಯಾಗಿರಬೇಕಾದರೆ ಅದು ಮೂರನೆಯವರ ಅಳತೆಗೆ ಒಪ್ಪಬೇಕಾಗಿಲ್ಲ, ಇಬ್ಬರ ನಡುವೆ ಒಪ್ಪಿದರೆ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸೂರ್ಯನ ವಿಚಾರದಲ್ಲಿಯೂ ಇಂಥದೇ ಸೂಕ್ಷ್ಮವಿದೆ. ಸೂರ್ಯ ಸದಾ ಚಲಿಸುತ್ತಿರುವುದರಿಂದ ಬೆಳಿಗ್ಗೆ ಹತ್ತರ ಕೋನ ಹನ್ನೊಂದಕ್ಕೆ ಸುಳ್ಳಾಗುತ್ತದೆ. ಬಹಳ ಹೊತ್ತು ಗೂಡಿನೊಳಗೇ ಕುಣಿಯುತ್ತಿರುವ ನೊಣಗಳು, ಹೊರಗೆ ಇಣುಕದೆಯೇ, ತಮ್ಮೊಳಗಿನ ಕಾಲದ ಅರಿವಿನಿಂದ ಕೋನವನ್ನು ತಿದ್ದಿಕೊಳ್ಳುತ್ತ ಹೋಗುತ್ತವೆ. ಮೋಡ ಸೂರ್ಯನನ್ನು ಮರೆಮಾಡಿದ್ದರೂ ನೀಲಿ ಆಕಾಶದ ಒಂದು ತುಣುಕು ಕಂಡರೆ ಸಾಕು, ಅಲ್ಲಿನ ಧ್ರುವೀಕೃತ ಬೆಳಕಿನ, ಅಂದರೆ ಒಂದೇ ತಲದಲ್ಲಿ ಕಂಪಿಸುವ ಬೆಳಕಿನ, ವಿನ್ಯಾಸದಿಂದ ಸೂರ್ಯನ ಸ್ಥಾನವನ್ನು ಅವು ಊಹಿಸಬಲ್ಲವು. ಇದನ್ನೂ ಫ್ರಿಶ್ ಅವರೇ ತೋರಿಸಿದರು. ಉಷ್ಣವಲಯದಲ್ಲಿ ಮಾತ್ರ ಒಂದು ತೊಡಕುಂಟು. ವರ್ಷಕ್ಕೆರಡು ಬಾರಿ ಸೂರ್ಯ ನಮ್ಮ ನೆತ್ತಿಯ ಮೇಲೆ ಹಾಯುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ಮಧ್ಯದಲ್ಲೂ ನೆರಳಿಲ್ಲದ ನಡುಹಗಲು ಬರುತ್ತದೆ. ನೆತ್ತಿಯ ಮೇಲಿನ ಸೂರ್ಯನಿಗೆ ದಿಕ್ಕೇ ಇಲ್ಲ. ಫ್ರಿಶ್ ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕಾದಲ್ಲಿ ಕಂಡಂತೆ, ಸೂರ್ಯ ನೆತ್ತಿಗೆ ತೀರ ಹತ್ತಿರವಾದ ಆ ಕೆಲವು ನಿಮಿಷಗಳಲ್ಲಿ ಕುಣಿತಗಳು ದಿಕ್ಕು ತಪ್ಪುತ್ತವೆ.

ಲಿಂಡಾವರ್ ಶ್ರೀಲಂಕಾಕ್ಕೆ ಹೋದದ್ದು ನಮ್ಮಲ್ಲಿಯೂ ಇರುವ ಮೂರು ಜೇನುಗಳಿಗಾಗಿ: ಪೊಟರೆಯಲ್ಲಿ ಹಲವು ಎರಿ ಕಟ್ಟುವ ತುಡುವೆ, ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ಎರಿ ಕಟ್ಟುವ ಕೋಲುಜೇನು, ಎತ್ತರದ ಮರ, ಬಂಡೆ, ಈಗೀಗ ನಗರದ ನೀರಿನ ಟ್ಯಾಂಕು ಮತ್ತು ಬಹುಮಹಡಿ ಕಟ್ಟಡಗಳ ಸೂರಿನಡಿ ದೊಡ್ಡ ಎರಿ ತೂಗುಬಿಡುವ ಹೆಜ್ಜೇನು. ಕುಣಿತ ಹೇಗೆ ವಿಕಾಸವಾಗಿರಬಹುದೆಂಬುದಕ್ಕೆ ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಳ್ಳೆಯ ಸುಳಿವು ಸಿಗುತ್ತದೆ. ಕೋಲುಜೇನಿನ ಎರಿ ಕಡ್ಡಿಯನ್ನು ಮೇಲಿನಿಂದ ಅಪ್ಪಿಕೊಂಡಿರುವುದರಿಂದ ಅದಕ್ಕೊಂದು ಸಮತಟ್ಟಾದ ನೆತ್ತಿಯಿದೆ. ನೊಣ ಅಲ್ಲಿ, ತೆರೆದ ಆಕಾಶದ ಕೆಳಗೆ, ಮೇವಿರುವ ದಿಕ್ಕಿಗೇ ಮುಖಮಾಡಿ ಓಲಾಡುತ್ತ ನಡೆಯುತ್ತದೆ. ಇಲ್ಲಿ ಸೂರ್ಯನನ್ನು ಮೇಲ್ಮುಖವೆಂದು ಬದಲಿಸಿ ಓದುವ ಅಗತ್ಯವೇ ಇಲ್ಲ, ತೋರಿಸಿದತ್ತ ಹೊರಟರಾಯಿತು. ಹೆಜ್ಜೇನು ತೆರೆದ ಬೆಳಕಿನಲ್ಲಿಯೇ ಕುಣಿದರೂ ಅದರ ಎರಿ ಲಂಬವಾಗಿರುವುದರಿಂದ ಬದಲಿಸಿ ಹೇಳಲೇಬೇಕು. ತುಡುವೆ ಬದಲಿಸಿಯೂ ಹೇಳಬೇಕು, ಕತ್ತಲೆಯಲ್ಲಿಯೂ ಹೇಳಬೇಕು. ಹೆಜ್ಜೇನಿನ ಮತ್ತೊಂದು ವಿಶೇಷವೆಂದರೆ ಅದು ಬೆಳದಿಂಗಳ ರಾತ್ರಿಗಳಲ್ಲಿಯೂ ಮೇವಿಗೆ ಹೋಗುತ್ತದೆ. ಆಗಲೂ ಅದರ ಕುಣಿತದ ಆಧಾರ ಚಂದ್ರನಲ್ಲ, ದಿಗಂತದ ಕೆಳಗೆ ಮರೆಯಾಗಿರುವ ಸೂರ್ಯ ಎಂದು ಫ್ರೆಡ್ ಡಯರ್ 1985ರಲ್ಲಿ ತೋರಿಸಿದರು.

ದೂರ ಹೇಳುವ ಪ್ರಮಾಣವೂ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರೂ ಇದ್ದ ತಂಡವೊಂದು ಈ ಮೂರೂ ಜೇನುಗಳನ್ನು ಒಂದೇ ಪರಿಸರದಲ್ಲಿಟ್ಟು ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಹುದೂರ ಹಾರುವ ಹೆಜ್ಜೇನಿನ ನೇರ ನಡೆ ದೂರದೊಂದಿಗೆ ನಿಧಾನವಾಗಿ ಬೆಳೆಯುತ್ತದೆ, ಹತ್ತಿರದಲ್ಲೇ ಮೇಯುವ ತುಡುವೆಯದು ಬೇಗ ಬೆಳೆಯುತ್ತದೆ. ಕಾರಣ ಊಹಿಸಬಹುದಾದದ್ದೇ. ಹತ್ತಿರದ ಜಾಗಗಳ ನಡುವೆ ಸ್ಪಷ್ಟ ಅಂತರ ತೋರಿಸಬೇಕಾದವರಿಗೆ ಪ್ರತಿ ನೂರು ಮೀಟರಿಗೂ ಹೆಚ್ಚು ಕಾಲ ಬೇಕು. ಕಿಲೋಮೀಟರುಗಟ್ಟಲೆ ಹೇಳಬೇಕಾದವರು ಅದೇ ಪ್ರಮಾಣ ಹಿಡಿದರೆ ಕುಣಿತ ಮುಗಿಯುವುದೇ ಇಲ್ಲ.

ಇನ್ನು ಕುಣಿತವನ್ನು ಕೇಳಿದವರು ಏನು ಮಾಡುತ್ತಾರೆಂಬ ಪ್ರಶ್ನೆ. ಎರಡು ಸಾಲಿನ ಪಾಠ ಹೆಚ್ಚು ತಪ್ಪುವುದು ಇಲ್ಲಿಯೇ. ಕ್ರಿಸ್ಟೋಫ್ ಗ್ರೂಟರ್ ಮತ್ತು ಸಂಗಡಿಗರು ಅರ್ಜೆಂಟೀನಾದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಣಿತವನ್ನು ಹಿಂಬಾಲಿಸಿದ ಅನುಭವಿ ನೊಣಗಳು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾರಿ, ಕುಣಿತ ಹೇಳಿದ ಹೊಸ ಜಾಗಕ್ಕೆ ಹೋಗದೆ ತಮಗೆ ಮೊದಲೇ ಗೊತ್ತಿದ್ದ ಜಾಗಕ್ಕೆ ಹೋದವು. ಪರಿಚಿತ ಪರಿಮಳವನ್ನು ಹೊತ್ತ ನೊಣ ಕುಣಿಯುತ್ತಿದ್ದರೆ ಅವುಗಳಿಗೆ ಸಿಗುವ ಸುದ್ದಿ ಆ ಹೂ ಮತ್ತೆ ಬಿಟ್ಟಿದೆ ಎಂಬುದಷ್ಟೇ. ಜಾಗವನ್ನು ಅವು ತಮ್ಮ ನೆನಪಿನಿಂದ ತುಂಬಿಕೊಳ್ಳುತ್ತವೆ. ನೆನಪಿಲ್ಲದ ಹೊಸ ನೊಣಗಳು, ಇದ್ದ ಮೇವು ಮುಗಿದು ಕೈಬರಿದಾದವು, ಕುಣಿತದ ದಿಕ್ಕು ದೂರಗಳನ್ನು ಬಳಸುತ್ತವೆ. ಒಂದೇ ಸಂಕೇತದಿಂದ ಬೇರೆಬೇರೆ ನೊಣಗಳು ಬೇರೆಬೇರೆ ಭಾಗವನ್ನು ಆಯ್ದುಕೊಳ್ಳುತ್ತವೆ. ಕುಣಿತ ಆಜ್ಞೆಯಲ್ಲ.

ಹಾಗಾದರೆ ಅದರಿಂದ ಇಡೀ ಕುಟುಂಬಕ್ಕೆ ಎಷ್ಟು ಲಾಭ? ಇದನ್ನು ಅಳೆಯಲು ಎರಿಗಳನ್ನು ಅಡ್ಡಲಾಗಿ ಮಲಗಿಸಿ, ಬೆಳಕಿನ ದಿಕ್ಕೂ ತಿಳಿಯದಂತೆ ಮಾಡಿ ಕುಣಿತದಿಂದ ದಿಕ್ಕಿನ ಸುದ್ದಿಯನ್ನು ಅಳಿಸಿಹಾಕಬಹುದು. ಆನಾ ಡಾರ್ನ್‌ಹೌಸ್ ಮತ್ತು ಲಾರ್ಸ್ ಚಿಟ್ಕಾ ಈ ಪರೀಕ್ಷೆಯನ್ನು ಜರ್ಮನಿ, ಸ್ಪೇನ್ ಮತ್ತು ನಮ್ಮ ಬಂಡೀಪುರದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದರು. ಯುರೋಪಿನ ಎರಡು ಕಡೆಗಳಲ್ಲಿ ದಿಕ್ಕು ತಪ್ಪಿಸಿದರೂ ಕುಟುಂಬಗಳ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂಡೀಪುರದಲ್ಲಿ ಗಳಿಕೆ ಕುಸಿಯಿತು. ಬಯಲಿನಲ್ಲಿ ಎಲ್ಲೆಡೆ ಹರಡಿದ ಹೂಗಳನ್ನು ಯಾವ ನೊಣವಾದರೂ ತಾನಾಗಿ ಕಂಡುಕೊಳ್ಳಬಹುದು. ಎಲೆ ಉದುರುವ ನಮ್ಮ ಕಾಡುಗಳಲ್ಲಿ ಹಾಗಲ್ಲ: ಅಲ್ಲೊಂದು ಇಲ್ಲೊಂದು ಮರ, ಬಿಟ್ಟರೆ ಮೈತುಂಬ ಹೂ, ಅದೂ ಕೆಲವೇ ದಿನಗಳ ಮಟ್ಟಿಗೆ. ಅಂಥ ಮರವನ್ನು ಒಂದು ನೊಣ ಕಂಡಾಗ ಉಳಿದವಕ್ಕೆ ತಿಳಿಸುವುದರಿಂದ ಆಗುವ ಲಾಭ ದೊಡ್ಡದು. ಕುಣಿತ ಉಷ್ಣವಲಯದಲ್ಲಿಯೇ ಹುಟ್ಟಿರಬೇಕೆಂಬ ವಾದಕ್ಕೆ ಇದು ಬಲ ಕೊಡುತ್ತದೆ. ಕಾಡುಗಳ ಸ್ವರೂಪವೇ ಕೀಟವೊಂದರ ಸಂವಹನವನ್ನು ರೂಪಿಸಿತೆಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಮನಮುಟ್ಟಿದ ಸಂಗತಿ.

ಸಂಕೇತಗಳಲ್ಲಿ ಹೋಗಿರೆನ್ನುವುದರ ಜೊತೆಗೆ ಬೇಡವೆನ್ನುವುದೂ ಇದೆ. ಮೇವಿನ ಜಾಗದಲ್ಲಿ ಶತ್ರುವಿನ ದಾಳಿಗೆ ಸಿಕ್ಕಿ ಮರಳಿದ ನೊಣ, ಅದೇ ಜಾಗಕ್ಕೆ ಕರೆಯುತ್ತ ಕುಣಿಯುವ ನೊಣವನ್ನು ಹುಡುಕಿ, ತಲೆಯಿಂದ ಅದರ ಮೈಗೆ ಗುದ್ದಿ, ಕ್ಷಣಮಾತ್ರದ ಕಂಪನವನ್ನು ಒತ್ತುತ್ತದೆ. ಇಂಥ ಗುದ್ದುಗಳು ಹೆಚ್ಚಿದಷ್ಟೂ ಕುಣಿತ ಬೇಗ ನಿಲ್ಲುತ್ತದೆ. ಚೀನಾದಲ್ಲಿ ತುಡುವೆ ಜೇನಿನ ಮೇಲೆ ನಡೆದ ಅಧ್ಯಯನದಲ್ಲಿ ದಾಳಿಯಿಡುವ ಕಣಜದ ಹುಳುವಿನ ಗಾತ್ರ ದೊಡ್ಡದಾದಂತೆ ಈ ತಡೆಸಂಕೇತದ ಕಂಪನದ ಸ್ವರವೂ ಏರುವುದು ಕಂಡಿತು. ಕುಟುಂಬ ಪಾಲಾಗಿ ಹೊಸ ಗೂಡು ಹುಡುಕುವಾಗ ಈ ಎರಡೂ ಸಂಕೇತಗಳು ಕೂಡಿ ತೀರ್ಮಾನವೊಂದನ್ನು ರೂಪಿಸುತ್ತವೆ. ಹಳೆಯ ರಾಣಿಯೊಂದಿಗೆ ಹೊರಬಿದ್ದ ಹಿಂಡು ಕೊಂಬೆಯೊಂದಕ್ಕೆ ಜೋತುಬಿದ್ದಿರುತ್ತದೆ. ಕೆಲವು ನೂರು ಅನುಭವಿ ನೊಣಗಳು ಪೊಟರೆಗಳನ್ನು ನೋಡಿಬಂದು ಹಿಂಡಿನ ಮೈಮೇಲೆ ಕುಣಿಯುತ್ತವೆ. 1949ರಲ್ಲಿ, ಯುದ್ಧದಲ್ಲಿ ಪಾಳುಬಿದ್ದಿದ್ದ ಮ್ಯೂನಿಕ್ ನಗರದಲ್ಲಿ, ಮಸಿ ಮತ್ತು ಇಟ್ಟಿಗೆ ಪುಡಿ ಮೆತ್ತಿಕೊಂಡ ನೊಣಗಳು ಹೀಗೆ ಕುಣಿಯುವುದನ್ನು ಕಂಡು, ಇವು ಹೂವಿನಿಂದ ಬಂದವಲ್ಲ, ಹೊಗೆಗೂಡು ಮತ್ತು ಕುಸಿದ ಗೋಡೆಗಳನ್ನು ನೋಡಿ ಬಂದವು ಎಂದು ಗುರುತಿಸಿದವರು ಲಿಂಡಾವರ್. ಒಳ್ಳೆಯ ಜಾಗ ಕಂಡ ನೊಣ ಹೆಚ್ಚು ಸುತ್ತು ಕುಣಿಯುತ್ತದೆ, ಸಾಧಾರಣ ಜಾಗ ಕಂಡದ್ದು ಬೇಗ ನಿಲ್ಲಿಸುತ್ತದೆ. ಹಿಂಬಾಲಿಸಿದ ನೊಣ ಸುಮ್ಮನೆ ಒಪ್ಪುವುದಿಲ್ಲ, ತಾನೇ ಹೋಗಿ ನೋಡಿ ಬಂದ ಮೇಲೆ ಮಾತ್ರ ಕುಣಿಯುತ್ತದೆ. ಅಮೆರಿಕದ ಥಾಮಸ್ ಸೀಲಿ ಮತ್ತು ಸಂಗಡಿಗರು ತೋರಿಸಿದಂತೆ, ಬೇರೆಬೇರೆ ಜಾಗಗಳ ಪರವಾಗಿ ಕುಣಿಯುವ ನೊಣಗಳು ಪರಸ್ಪರ ತಡೆಸಂಕೇತ ನೀಡುತ್ತವೆ. ಯಾವುದೋ ಒಂದು ಜಾಗದಲ್ಲಿ ಏಕಕಾಲಕ್ಕೆ ಇಪ್ಪತ್ತು ಮೂವತ್ತು ನೊಣಗಳು ಸೇರಿದೊಡನೆ ಅವು ಮರಳಿ ಹಿಂಡನ್ನು ಹಾರಲು ಎಬ್ಬಿಸುತ್ತವೆ. ರಾಣಿಯ ಅಪ್ಪಣೆ ಇದರಲ್ಲಿ ಎಲ್ಲಿಯೂ ಇಲ್ಲ.

ಕುಣಿತದ ಹೊರಗೂ ಅವುಗಳ ಸಂವಹನ ದೊಡ್ಡದು. ಕುಟುಕಿದ ನೊಣ ಬಿಟ್ಟುಹೋದ ಮುಳ್ಳಿನಿಂದ ಬಾಳೆಹಣ್ಣನ್ನು ಹೋಲುವ ವಾಸನೆ ಹರಡಿ ಉಳಿದವನ್ನು ಕೆರಳಿಸುತ್ತದೆ. ಪೆಟ್ಟಿಗೆ ತೆರೆಯುವ ಮುನ್ನ ಹೊಗೆ ಹಾಕುವುದಕ್ಕೆ ಈ ವಾಸನೆಯ ಅರಿವನ್ನು ಮಂಕುಮಾಡುವುದೂ ಒಂದು ಕಾರಣ. ಬಾಗಿಲಲ್ಲಿ ಹೊಟ್ಟೆಯೆತ್ತಿ ರೆಕ್ಕೆ ಬೀಸುತ್ತ ನಿಂತ ನೊಣಗಳು ನಿಂಬೆಹುಲ್ಲಿನಂಥ ಪರಿಮಳ ಹರಡಿ ದಾರಿತಪ್ಪಿದವನ್ನು ಮನೆಗೆ ಕರೆಯುತ್ತವೆ. ಕಣಜ ಬಳಿ ಸುಳಿದಾಗ ಹೆಜ್ಜೇನಿನ ಸಾವಿರಾರು ನೊಣಗಳು ಒಂದರ ಹಿಂದೊಂದು ಹೊಟ್ಟೆಯೆತ್ತಿ, ಎರಿಯ ಮೈಮೇಲೆ ಕ್ಷಣದಲ್ಲಿ ಅಲೆಯೊಂದನ್ನು ಹರಿಸುತ್ತವೆ. ಅದು ಒಡನಾಡಿಗಳಿಗೂ ಶತ್ರುವಿಗೂ ಒಟ್ಟಿಗೇ ಕಳಿಸುವ ಸಂಕೇತ.

ಇಷ್ಟೆಲ್ಲವೂ ಹುಟ್ಟಿನಿಂದಲೇ ಬಂದದ್ದೆಂದು ಬಹುಕಾಲ ನಂಬಲಾಗಿತ್ತು. 2023ರಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ತಿದ್ದಿತು. ಆಗಷ್ಟೇ ಹೊರಬಂದ ಎಳೆಯ ನೊಣಗಳನ್ನಷ್ಟೇ ಸೇರಿಸಿ ಅವರು ಕುಟುಂಬಗಳನ್ನು ಕಟ್ಟಿದರು. ಅಲ್ಲಿ ಹಿಂಬಾಲಿಸಲು ಹಿರಿಯ 'ಕುಣಿತಗಾರ' ನೊಣಗಳಿರಲಿಲ್ಲ. ಆ ನೊಣಗಳೂ ವಯಸ್ಸಿಗೆ ಬಂದಾಗ ಕುಣಿದವು, ಆದರೆ ನೇರ ನಡೆಗಳು ಒಂದಕ್ಕೊಂದು ಹೊಂದದೆ ಚದುರಿದ್ದವು, ದೂರದ ಲೆಕ್ಕ ತಪ್ಪಾಗಿತ್ತು. ದಿಕ್ಕಿನ ದೋಷ ಅನುಭವದಿಂದ ಕಡಿಮೆಯಾಯಿತು, ದೂರದ ತಪ್ಪು ಮಾತ್ರ ಅವುಗಳ ಬದುಕಿನುದ್ದಕ್ಕೂ ಉಳಿಯಿತು. ಕುಣಿಯುವ ಮುನ್ನ ಹಿರಿಯ ನೊಣಗಳ ಹಿಂದೆ ಕೆಲವು ದಿನ ಮೀಸೆ ಚಾಚಿ ನಿಂತ ನೊಣಗಳಲ್ಲಿ ಈ ತಪ್ಪು ಕಾಣಲಿಲ್ಲ. ಹೂ ಬಿಟ್ಟ ಹೊಲಕ್ಕೆ ಹಗಲು ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಿದಾಗ ಮೊದಲು ಸಾಯುವವು ಮೇವಿಗೆ ಹೊರಬರುವ ಹಿರಿಯ ನೊಣಗಳು. ಕುಟುಂಬಕ್ಕೆ ಆ ಹಂಗಾಮಿನ ಗಳಿಕೆಯೊಂದೇ ಅಲ್ಲ, ಒಳಗಿರುವ ಎಳೆಯ ನೊಣಗಳು ಯಾರ ಹಿಂದೆ ನಿಂತು ದೂರದ ಲೆಕ್ಕ ಕಲಿಯಬೇಕಿತ್ತೋ ಅವೂ ಇಲ್ಲವಾಗುತ್ತವೆ. ಸಿಂಪಡಣೆಯನ್ನು ನೊಣಗಳು ಗೂಡು ಸೇರಿದ ಸಂಜೆಯ ಹೊತ್ತಿಗೆ ಇಟ್ಟುಕೊಳ್ಳಿರೆಂದು ಜೇನುಸಾಕಣೆ ಬಲ್ಲವರು ರೈತರಿಗೆ ಹೇಳುತ್ತ ಬಂದಿರುವ ಮಾತಿಗೆ ಈ ಅಧ್ಯಯನದಿಂದ ಇನ್ನೊಂದು ಕಾರಣ ಸೇರಿದಂತಾಗಿದೆ.